ಇಂಗ್ಲಿಷಿನಲ್ಲಿ ಎಣಿಸಿದ ಕುರಿಗಳು

ಕುರಿ ಕೆಮ್ಮಿದರೆ ಥೇಟ್ ಮನುಷ್ಯರು ಕೆಮ್ಮಿದ ಹಾಗೇ ಕೇಳಿಸುತ್ತದೆ. ಗೊತ್ತಿಲ್ಲದವರಿಗೆ ಹೇಳಿದರೆ ನಗುತ್ತಾರೆ. ಸುಗ್ಗಿ ಮುಗಿದ ದಿನಗಳಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಶಿಕಾರಿಪುರದ ನಮ್ಮ ಮನೆಯ ಗೇಟಿನಾಚೆ ಮೊದಲು ಒಂದು ಕೆಮ್ಮು ಕೇಳುತ್ತಿತ್ತು. ಒಳಗೆ ಬರಲೋ ಬೇಡವೋ ಅಂತ ಗಂಟಲು ಸರಿಮಾಡಿಕೊಳ್ಳುವಂಥ ಕೆಮ್ಮು. ನಮ್ಮ ಯಜಮಾನರು ತೀರಿಕೊಂಡ ಮೇಲೂ ಎಷ್ಟೋ ಸಲ ನಾನು ನಿದ್ದೆಗಣ್ಣಲ್ಲಿ "ಬಂದೆ, ಬಂದೆ" ಅಂತ ಎದ್ದು ಕೂತದ್ದುಂಟು. ಆಮೇಲೆ ಟಾರು ರಸ್ತೆಯ ಮೇಲೆ ಸಣ್ಣ ಸಣ್ಣ ಗೊರಸುಗಳ ಸದ್ದು, ಯಾರೋ ದೊಡ್ಡ ಮೊರದಲ್ಲಿ ಕಡಲೆ ಕೇರಿದ ಹಾಗೆ. ಅದರ ಹಿಂದೆ ಕುರಿಯವರ "ಹಿರ್ರ್... ಹೋ...". ಸದ್ದೆಲ್ಲ ದೂರವಾದ ಮೇಲೆ ಬೀದಿಯಲ್ಲಿ ಉಣ್ಣೆಯ ಒದ್ದೆ ವಾಸನೆ ಉಳಿಯುತ್ತಿತ್ತು.

ಆ ಕೆಮ್ಮು ನೆನಪಾದಾಗಲೆಲ್ಲ ನನಗೆ ವೆಂಚರ್ ಕ್ಯಾಪಿಟಲ್ ನೆನಪಾಗುತ್ತದೆ. ಎರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ಕೇಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾಳುಕಡಿ ವ್ಯಾಪಾರದ ಮನೆ. ತವರು ಸೊರಬ, ಕೊಟ್ಟದ್ದು ಶಿಕಾರಿಪುರಕ್ಕೆ, ನಡುವೆ ಶಿವಮೊಗ್ಗದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಕಳೆದ ವರ್ಷಗಳು. ಆ ಕಾನ್ವೆಂಟ್ ನನಗೆ ಇಂಗ್ಲಿಷ್ ಕೊಟ್ಟಿತು, ಬೆನ್ನು ನೆಟ್ಟಗೆ ಮಾಡಿ ಕೂರುವ ಅಭ್ಯಾಸ ಕೊಟ್ಟಿತು, ಎಲ್ಲಿದ್ದರೂ ಇನ್ನೆಲ್ಲೋ ಇರಬೇಕಿತ್ತು ಅನ್ನಿಸುವ ಒಂದು ಚಡಪಡಿಕೆಯನ್ನೂ ಕೊಟ್ಟಿತು. ಮೊದಲ ಎರಡಕ್ಕೆ ಮದುವೆಯಾದ ಮೇಲೆ ಅಷ್ಟೇನೂ ಕೆಲಸವಿರಲಿಲ್ಲ. ಮೂರನೆಯದು ಮಾತ್ರ ಇವತ್ತಿಗೂ ನನ್ನ ಜೊತೆಗಿದೆ. ಅಂಗಡಿಯ ಹಿಂದಿನ ಹಾಲ್‌ನಲ್ಲಿ ಊರಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಟೆನ್ಸಸ್, ಪ್ರಿಪೊಸಿಷನ್ಸ್, ರಜೆಯ ಅರ್ಜಿ.

ಆ ಮಕ್ಕಳಲ್ಲಿ ಒಬ್ಬಳು ಕುರಿಯವರ ಹುಡುಗಿ. ಗೇಟಿನಾಚೆ ಹಾಯುತ್ತಿದ್ದ ಮಂದೆ ಅವಳಪ್ಪನದೇ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದಿದಳು. ಓದು ಮುಗಿಸಿ ಒಂದು ದಿನ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಂದು, "ಮಿಸ್, ಮುಂದಿನ ಅಂಗಡಿ ಖಾಲಿ ಇದೆಯಲ್ಲಾ, ನಂಗೆ ಕೊಡ್ತೀರಾ? ಕಂಪನಿ ಮಾಡ್ತೀನಿ," ಅಂದಳು.

"ಯಾವ ಕಂಪನಿಯೇ?"

"ಟ್ಯಾಕ್ಸಿ ಬುಕ್ ಮಾಡ್ತೀವಲ್ಲ ಮಿಸ್, ಹಂಗೇ ಕುರಿ ಮಂದೆ ಬುಕ್ ಮಾಡೋದು."

ನನ್ನ ನಾದಿನಿ, ನಮ್ಮ ಯಜಮಾನರ ತಂಗಿ, ನನ್ನ ಜೊತೆಗೇ ಇರುವವಳು, ಒಳಗಿನಿಂದಲೇ ಕೂಗಿದಳು. "ಮೀಟರ್ ಎಲ್ಲಿ ಕಟ್ತೀಯೇ, ಟಗರಿನ ಕೊಂಬಿಗಾ?"

ನಗುವ ಮಾತಲ್ಲ ಅದು. ಕೊಯ್ಲಾದ ಗದ್ದೆಯಲ್ಲಿ ಒಂದೆರಡು ರಾತ್ರಿ ಕುರಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಲ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆ ರೈತರು ಕುರಿಯವರಿಗೆ ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ಇದು ನಮ್ಮ ಕಡೆ ತಲೆತಲಾಂತರದಿಂದ ಇದೆ. ತೊಂದರೆ ಏನೆಂದರೆ ಈಸೂರಿನ ಹತ್ತಿರ ನಾಲ್ಕು ಮಂದೆಯವರು ಒಂದೇ ಗದ್ದೆಗೆ ಕಿತ್ತಾಡುತ್ತಿರುವಾಗ ಸೊರಬದ ಕಡೆ ರೈತರು ಮಂದೆ ಸಿಗದೆ ಮೂಟೆಗಟ್ಟಲೆ ಗೊಬ್ಬರ ಕೊಳ್ಳುತ್ತಿರುತ್ತಾರೆ. ಇವಳ ಆ್ಯಪಿನಲ್ಲಿ ರೈತ ಗದ್ದೆಯ ಜಾಗ ತೋರಿಸಿದರೆ ಹತ್ತಿರದ ಮಂದೆಯವರ ಫೋನಿಗೆ ಮಾತು ಹೋಗುತ್ತಿತ್ತು. ಓದಲು ಬಾರದವರಿಗೆ ಅನುಕೂಲವಾಗಲಿ ಅಂತ ಅವಳದೇ ದನಿಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು: "ಮುಂದಿನ ಹೊಲ ಇಂಥಲ್ಲಿ ಐತಿ. ನೀರು ಐತಿ. ನಾಯಿ ಕಟ್ಯಾರ."

ಎರಡು ಸುಗ್ಗಿ ಹೇಗೋ ನಡೆಸಿದಳು. ಯಾವುದೋ ಸ್ಪರ್ಧೆಯಲ್ಲಿ ಬಂದ ಬಹುಮಾನ ಕರಗಿತ್ತು. ಊರೂರು ತಿರುಗಿ ರೈತರನ್ನು ಸೇರಿಸಲು ಜನ ಬೇಕು, ಸರ್ವರ್ ಅನ್ನುವುದಕ್ಕೆ ತಿಂಗಳು ತಿಂಗಳು ಕಟ್ಟಬೇಕು. "ಈ ಸುಗ್ಗಿಯೊಳಗೆ ಇನ್ವೆಸ್ಟರ್ ಸಿಕ್ಕಿದ್ರೆ ಉಂಟು ಮಿಸ್. ಇಲ್ಲ ಅಂದ್ರೆ ಬಾಗಿಲು ಹಾಕೋದೇ," ಅಂದಳು ಒಂದು ದಿನ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಆದರೆ ಅವಳ ಕೈ ಚಾರ್ಜರಿನ ವೈರನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು.

ಆವತ್ತಿನಿಂದ ನನಗೂ ಅವಳ ಚಡಪಡಿಕೆ ಅಂಟಿತು. ಅದಕ್ಕೆ ಮುಂಚೆ ನಾನು ಇಂಗ್ಲಿಷ್ ಪೇಪರಿನಲ್ಲಿ ಕ್ರಾಸ್‌ವರ್ಡ್ ಮುಗಿಸಿ ಉಳಿದದ್ದನ್ನು ಬೀರುವಿನೊಳಗೆ ಹಾಸಲು ಎತ್ತಿಡುತ್ತಿದ್ದೆ. ಈಗ ಬಿಸಿನೆಸ್ ಪುಟ ಹುಡುಕುವುದು ಶುರುವಾಯಿತು. ಎಲ್ಲಿ ನೋಡಿದರೂ ಫಂಡಿಂಗ್ ವಿಂಟರ್, ಫಂಡಿಂಗ್ ವಿಂಟರ್. ಶಿವರಾತ್ರಿ ಬರುವ ಮೊದಲೇ ಫ್ಯಾನ್ ಹಾಕುವ ಊರಿನಲ್ಲಿ ಕೂತು ಆ ಚಳಿಗಾಲದ ಬಗ್ಗೆ ಓದುತ್ತಿದ್ದೆ. ಕೆಲವು ವರ್ಷಗಳ ಹಿಂದೆ ದುಡ್ಡು ಸಲೀಸಾಗಿತ್ತಂತೆ, ನಾಲ್ಕು ಸ್ಲೈಡ್ ತೋರಿಸಿದರೆ ಸಾಕಿತ್ತಂತೆ. ಈಗ ಲಾಭದ ದಾರಿ ತೋರಿಸು ಅನ್ನುತ್ತಾರಂತೆ. ಒಂದು ದಿನ ಚಳಿಗಾಲ ಮುಗಿಯಿತು ಅಂತ ಬರೆಯುತ್ತಿದ್ದರು, ಮಾರನೇ ದಿನ ದುಡ್ಡೆಲ್ಲ ಎ.ಐ. ಕಂಪನಿಗಳಿಗೇ ಹೋಗುತ್ತಿದೆ ಅಂತ ಬರೆಯುತ್ತಿದ್ದರು. ಔಟ್‌ಲುಕ್ ಅನ್ನುವ ಶಬ್ದವನ್ನು ನಾನು ಮಕ್ಕಳಿಗೆ ಕಿಟಕಿಯಿಂದ ಕಾಣುವ ನೋಟ ಅಂತ ಹೇಳಿಕೊಟ್ಟವಳು. ಈ ಪುಟದ ಔಟ್‌ಲುಕ್‌ನಲ್ಲಿ ಏನೂ ಕಾಣುತ್ತಿರಲಿಲ್ಲ.

"ನಿಂಗ್ಯಾಕೆ ಅತ್ತಿಗೆ ಇದೆಲ್ಲ, ನಿನ್ನ ದುಡ್ಡಾ?" ಅನ್ನುವಳು ನಾದಿನಿ.

ಯಾಕೆ ಅಂದರೆ ಏನು ಹೇಳಲಿ? ನಾನು ಬಿ.ಎ. ಮಾಡಬೇಕು ಅಂತ ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಸೊರಬದ ತನಕ ಬಸ್ಸಿನಲ್ಲಿ ಬಂದು ನಮ್ಮಪ್ಪನ ಹತ್ತಿರ ಮಾತಾಡಿದ್ದರು. ಅಪ್ಪ ಅವರಿಗೆ ಕಾಫಿ ಕೊಟ್ಟು, ಬಾಳೆಹಣ್ಣು ಕೊಟ್ಟು, ಬಸ್‌ ಸ್ಟ್ಯಾಂಡಿನವರೆಗೂ ಹೋಗಿ ಹತ್ತಿಸಿ ಬಂದರು. ಅಷ್ಟೇ. ಒಬ್ಬರು ಇನ್ನೊಬ್ಬರ ಮೇಲೆ ನಂಬಿಕೆ ಇಡುವುದು, ಅದು ದಡ ಮುಟ್ಟದೆ ಹೋಗುವುದು ಎರಡನ್ನೂ ಒಟ್ಟಿಗೆ ನೋಡಿದವಳು ನಾನು. ಈ ಹುಡುಗಿಯ ಅರ್ಜಿಗಳು ಬೆಂಗಳೂರಿಗೆ ಹೋಗಿ ಉತ್ತರವಿಲ್ಲದೆ ಬಿದ್ದಿರುವಾಗ ನನಗೆ ಮಧ್ಯಾಹ್ನದ ನಿದ್ದೆ ಬರುತ್ತಿರಲಿಲ್ಲ.

ಕೊನೆಗೆ ಹೊಸ ಕಂಪನಿಗಳಲ್ಲಿ ದುಡ್ಡು ಹಾಕುವ ಒಂದು ಫಂಡಿನವರು ಉತ್ತರ ಕೊಟ್ಟರು. ವಿಡಿಯೋದಲ್ಲಿ ಮಾತಾಡಿದರು. ಇವಳು ಎದುರಿಗಿದ್ದ ಲ್ಯಾಪ್‌ಟಾಪಿಗೆ ಮಾತಾಡುತ್ತಿದ್ದರೆ ನಾನು ಅದರ ಹಿಂದೆ ಕೂತು, ಇವಳಿಗೆ ಶಬ್ದ ಸಿಗದಾಗ ತುಟಿಯಲ್ಲೇ ಹೇಳಿಕೊಡುತ್ತಿದ್ದೆ, ಸ್ಕೂಲ್ ಡ್ರಾಮಾದ ಪ್ರಾಂಪ್ಟರ್ ಥರ. ಆಮೇಲೆ ಒಬ್ಬ ಹುಡುಗ ಖುದ್ದು ಬಂದ. ಹುಡುಗ ಅಂದರೆ ಮೂವತ್ತು ದಾಟಿದವನು, ಫಂಡಿನಲ್ಲಿ ಅಸೋಸಿಯೇಟ್ ಅಂತೆ. ಬೆಂಗಳೂರಿನ ಕನ್ನಡ, ಬಿಳೀ ಶೂ. ನಮ್ಮ ವರಾಂಡದಲ್ಲಿ ಕೂತಿದ್ದಷ್ಟು ಹೊತ್ತೂ ಅವನ ಬಲಮೊಣಕಾಲು ಕುಣಿಯುತ್ತಲೇ ಇತ್ತು. ನಾದಿನಿ ಮಂಡಕ್ಕಿ ತಂದಿಟ್ಟು, "ಸ್ವಲ್ಪ ನಿಧಾನ ಕಣಪ್ಪ, ಬೆಂಚು ಹಳೇದು," ಅಂದಳು.

ಎರಡು ದಿನ ಅವಳ ಜೊತೆ ತಿರುಗಿ, ಮೂರು ನಾಲ್ಕು ಮಂದೆಗಳ ಮೇಲೆ ಡ್ರೋನ್ ಹಾರಿಸಿ ಫೋಟೋ ತೆಗೆದುಕೊಂಡು ಬಂದ. ಬಂದವನ ಮುಖ ಸರಿಯಿರಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

"ನೋಡಿ ಮ್ಯಾಮ್. ಆ್ಯಪಿನಲ್ಲಿ ಒಂದೊಂದು ಮಂದೆಗೂ ಎಷ್ಟು ಕುರಿ ಅಂತ ಇದೆ. ಫೋಟೋದಲ್ಲಿ ಬೇರೇನೇ ಇದೆ. ಯಾವುದೂ ಮ್ಯಾಚ್ ಆಗ್ತಿಲ್ಲ."

"ಕಡಿಮೆ ಇದಾವಾ?"

"ಜಾಸ್ತಿ ಇದಾವೆ! ಅದೇ ಪ್ರಾಬ್ಲಂ. ಫೌಂಡರ್ಸ್ ಯಾವಾಗ್ಲೂ ನಂಬರ್ ಊದಿಸ್ತಾರೆ, ಅದು ನಮಗೆ ಗೊತ್ತು, ಅದಕ್ಕೆ ಒಂದು ಲೆಕ್ಕ ಇಟ್ಕೊಂಡಿರ್ತೀವಿ. ಕಡಿಮೆ ಹೇಳೋರನ್ನ ನಾನು ನೋಡೇ ಇಲ್ಲ. ಏನನ್ನ ಬಚ್ಚಿಡ್ತಿದಾರೆ ಇವರು? ಕೊನೇ ಮಾತು ಹೇಳೋರು ನಮ್ಮ ಪಾರ್ಟ್ನರ್, ಅವರು ಕೇಳೇ ಕೇಳ್ತಾರೆ."

ನಾನು ಹುಡುಗಿಯ ಮುಖ ನೋಡಿದೆ. ಅವಳು ಕೆಂಪಾಗಿದ್ದಳು. ಆಮೇಲೆ ಹೇಳಿದಳು, ಅವಳ ಜನ ಕುರಿ ಎಣಿಸುವುದಿಲ್ಲ. ಎಣಿಸಿ ಬಾಯಿಬಿಟ್ಟು ಹೇಳಿದರೆ ಮಂದೆ ಅಷ್ಟಕ್ಕೇ ನಿಂತುಬಿಡುತ್ತದೆ, ಬೆಳೆಯುವುದಿಲ್ಲ ಅಂತ ಒಂದು ನಂಬಿಕೆ. ಯಾರಾದರೂ ಕೇಳಿದರೆ ಒಂದಿಷ್ಟು ಬಿಟ್ಟು ಹೇಳುತ್ತಾರೆ. ರೈತರೂ ಎಷ್ಟು ಕುರಿ ಅಂತ ಕೇಳುವುದಿಲ್ಲ, ಒಂದು ರಾತ್ರಿಗೆ ಎಷ್ಟು ನೆಲ ತುಂಬುತ್ತದೆ ಅಂತ ಕೇಳುತ್ತಾರೆ. ಆ್ಯಪಿನಲ್ಲಿ ಸಂಖ್ಯೆಯ ಜಾಗ ಖಾಲಿ ಬಿಡುವ ಹಾಗಿರಲಿಲ್ಲವಲ್ಲ, ಅದಕ್ಕೆ ಅವರು ಹೇಳಿದ್ದನ್ನು ತುಂಬಿದ್ದಳು. ಅವಳಪ್ಪನ ಮಂದೆಯದನ್ನೂ.

"ಸುಳ್ಳು ಅಂತ ಅನ್ನಿಸ್ಲೇ ಇಲ್ಲ ಮಿಸ್," ಅಂದಳು ನನಗೆ ಮಾತ್ರ ಕೇಳುವ ಹಾಗೆ. "ಮನೇಲಿ ಹಂಗೇ ಹೇಳೋದು."

ಆ ಹುಡುಗ ಕೆಟ್ಟವನಲ್ಲ. ತಲೆ ಕೆರೆದುಕೊಂಡ. ಫೋಟೋದ ಲೆಕ್ಕ ಬರೀ ಅಂದಾಜು, ಒಂದೇ ಒಂದು ಮಂದೆಯನ್ನಾದರೂ ತನ್ನ ಕಣ್ಣೆದುರು ಎಣಿಸಿದರೆ, ಆ ಮಂದೆ ತುಂಬುವ ನೆಲಕ್ಕೆ ಹೋಲಿಸಿ ಉಳಿದದ್ದನ್ನು ತಾಳೆ ಹಾಕುತ್ತೇನೆ ಅಂದ. ಯಾರ ಮಂದೆ? ಅವಳ ಅಪ್ಪನದೇ ಆಗಬೇಕು. ಬೇರೆ ಯಾರನ್ನು ಕೇಳುವುದಕ್ಕೂ ಅವಳಿಗೆ ಬಾಯಿರಲಿಲ್ಲ.

ಅವಳಪ್ಪ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಖುರ್ಚಿ ಬೇಡ ಅಂತ ವರಾಂಡದ ಮೆಟ್ಟಿಲ ಮೇಲೇ ಕೂತರು. ಮೊದಲು ಈ ಬೆಂಗಳೂರಿನವರು ದುಡ್ಡು ಯಾಕೆ ಕೊಡುತ್ತಾರೆ ಅನ್ನುವುದೇ ಅವರಿಗೆ ತಿಳಿಯಬೇಕಿತ್ತು. ಇಕ್ವಿಟಿ ಅನ್ನುವುದನ್ನು ನಾನು ಯಾವ ಶಬ್ದದಲ್ಲಿ ಹೇಳಲಿ? ನಮ್ಮ ಮಾವನವರು ಹಿಂದೆ ಇವರ ಅಪ್ಪನಿಗೆ ಕುರಿ ಪಾಲಿಗೆ ಕೊಟ್ಟಿದ್ದರು. ತಾಯಿಕುರಿ ಕೊಡುವುದು ನಾವು, ಕಾಯುವುದು ಅವರು, ಮರಿ ಹುಟ್ಟಿದರೆ ಇಬ್ಬರಿಗೂ ಪಾಲು. ಅದನ್ನೇ ಹಿಡಿದೆ.

"ಇಕ್ವಿಟಿ ಅಂತಾರೆ. ಇದೂ ಪಾಲಿಗೆ ಕೊಟ್ಟ ಹಾಗೇ."

"ಕುರಿ ಸತ್ರ?"

"ಅವರಿಗೇ ಲುಕ್ಸಾನು. ನಿಮ್ಮ ಮಗಳು ತಿರುಗಿ ಕೊಡಬೇಕಾಗಿಲ್ಲ."

"ಹಂಗಾರ ಒಳ್ಳೆ ಮಂದೀನ ಅದಾರ. ಕಾಯೋರು ಯಾರು?"

"ನಿಮ್ಮ ಮಗಳೇ."

"ಇವ್ರು?"

"ಬೆಂಗಳೂರಲ್ಲಿರ್ತಾರೆ. ದುಡ್ಡು ಅವರದಲ್ಲ. ಬೇರೆ ದೊಡ್ಡವರು ಕೊಟ್ಟಿರ್ತಾರೆ, ಎಲ್ಲೆಲ್ಲಿ ಹಾಕಬೇಕು ಅಂತ ಇವರು ನೋಡ್ತಾರೆ."

ಅವರು ಆ ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಅರಳಿತು. "ಅಂದ್ರ ಇವ್ರೂ ಮಂದಿ ಕುರಿ ಕಾಯೋರ! ಹೇಳ್ಬಾರ್ದೇನ್ರಿ ಮೊದಲ? ಯಾವ ಬೆಡಗು ತಮ್ಮಾ ನಿಮ್ದು?"

ಕುಲದ ಬಳ್ಳಿ ಕೇಳುತ್ತಿದ್ದಾರೆ ಅಂತ ಅವನಿಗೆ ತಿಳಿಯಲಿಲ್ಲ. ಫಂಡಿನ ಹೆಸರು ಹೇಳಿದ. ಅವರು ತಲೆಯಾಡಿಸಿ, "ನಮ್ಮ ಕಡೆ ಆ ಬೆಡಗಿಲ್ಲ ಬಿಡ್ರಿ," ಅಂದರು. ನಾದಿನಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಎಣಿಸುವ ಮಾತು ಬಂದಾಗ ಮಾತ್ರ ನಗು ನಿಂತಿತು. "ಅದೊಂದು ಬ್ಯಾಡ್ರಿ," ಅಂದರು. ಹುಡುಗಿ ಅಪ್ಪನ ಕಾಲ ಹತ್ತಿರ ನೆಲ ನೋಡುತ್ತ ನಿಂತಿದ್ದಳು. ಕಂಪನಿ ಮುಚ್ಚಬೇಕಾಗುತ್ತದೆ ಅಂತ ಅವಳು ಅಪ್ಪನಿಗೆ ಹೇಳಿರಲಿಲ್ಲ. ನಾನೇ ಹೇಳಿದೆ. ಅವರು ಎಲೆಯಡಿಕೆ ಸಂಚಿ ಬಿಚ್ಚಿದರು, ಕಟ್ಟಿದರು. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು. ಅದರ ಸದ್ದು ಅಡಗುವವರೆಗೂ ಕೂತಿದ್ದು ಕೇಳಿದರು.

"ಅಮ್ಮಾರೇ, ಇಂಗ್ಲಿಷಿನಾಗ ಎಣಿಸಿದ್ರ?"

"ಅಂದ್ರೆ?"

"ನಮ್ಮ ದ್ಯಾವ್ರಿಗೆ ಇಂಗ್ಲಿಷ್ ಬರಂಗಿಲ್ಲ. ನಂಗೂ ಬರಂಗಿಲ್ಲ. ಕುರಿಗೂ ಬರಂಗಿಲ್ಲ. ಯಾರಿಗೂ ತಿಳೀಲಿಲ್ಲ ಅಂದ್ರ ಎಣಿಸಿದಂಗ ಆಗಂಗಿಲ್ಲಲ್ಲ."

ಹುಡುಗ ಖುಷಿಯಿಂದ ಎದ್ದೇಬಿಟ್ಟ, ತಾನು ಎಣಿಸುತ್ತೇನೆ ಅಂತ. ಅವರು ಕೋಲು ಅಡ್ಡ ಹಿಡಿದರು. "ನೀವು ಬ್ಯಾಡ್ರಿ. ನಿಮಗ ಎರಡೂ ಬರ್ತಾವ, ನಡುವ ಜಾರಿ ಕನ್ನಡಕ್ಕ ಬಿದ್ದೀರಿ. ಅಮ್ಮಾರು ಎಣಿಸ್ಲಿ. ಕಾನ್ವೆಂಟಿನಾಗ ಓದಿದವ್ರು, ಅವ್ರದು ಪಕ್ಕಾ ಇಂಗ್ಲಿಷು."

ಹಾಸ್ಟೆಲಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಂತವಳು ನಾನು. ಆ ಇಂಗ್ಲಿಷಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಈಸೂರಿನ ಹತ್ತಿರದ ಗದ್ದೆಯಲ್ಲಿ, ಬಿಸಿಲು ಏರುವ ಮೊದಲು. ಗೂಟ ನೆಟ್ಟು ಸುತ್ತ ಬಲೆ ಕಟ್ಟಿ ಅದರೊಳಗೆ ರಾತ್ರಿ ಮಂದೆ ನಿಲ್ಲಿಸಿದ್ದರು. ಒಂದು ಮೂಲೆಯಲ್ಲಿ ಬಲೆ ಬಿಚ್ಚಿ ಒಂದೊಂದೇ ಕುರಿ ಹಾಯುವಷ್ಟು ಕಂಡಿ ಮಾಡಿದರು. ನನಗೆ ಒಂದು ಪ್ಲಾಸ್ಟಿಕ್ ಖುರ್ಚಿ. ಪಕ್ಕದಲ್ಲಿ ಆ ಹುಡುಗ ಫೋನ್ ಹಿಡಿದು ನಿಂತ. ಹುಡುಗಿ ಕಂಡಿಯ ಹತ್ತಿರ ನಿಂತಳು. ಅವಳಪ್ಪ ನಮ್ಮೆಲ್ಲರಿಗೆ ಬೆನ್ನು ಮಾಡಿ, ಕೆರೆಯ ಕಡೆ ಮುಖ ಮಾಡಿ ನಿಂತರು.

ಮೊದಲನೇ ಕುರಿ ಹಾರಿ ಆಚೆ ಬಂತು. ನನ್ನ ಬಾಯಿಂದ ಬಂದದ್ದು, "ಲಾಭ."

ಏನು ಮಾಡಲಿ? ಐವತ್ತು ವರ್ಷ ವ್ಯಾಪಾರದ ಮನೆಯಲ್ಲಿ ಬಾಳಿದವಳು. ನಮ್ಮ ಮಾವನವರು ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದರು, ಆಮೇಲೆ ಎರಡು, ಮೂರು. ಆ ಅಳತೆಯ ರಾಗ ಅಡಿಗೆಮನೆಗೆ ಕೇಳುತ್ತಿತ್ತು.

"ಸಾರಿ ಮ್ಯಾಮ್, ವಾಟ್ ವಾಸ್ ದಟ್?" ಅಂದ ಹುಡುಗ ಗಾಬರಿಯಿಂದ.

"ಒನ್," ಅಂದೆ. "ದಟ್ ವಾಸ್ ಒನ್."

ಬೆನ್ನು ಮಾಡಿ ನಿಂತವರ ಭುಜ ಕುಲುಕುತ್ತಿತ್ತು. "ಸಾವ್ಕಾರ್ರ ಸೊಸಿ ಬಿಡ್ರಿ," ಅಂದರು ಕೆರೆಗೆ. "ಹೆಂಗರ ಇರ್ಲಿ, ಲಾಭ ಅಂದ್ರ ನಮ್ಮ ದ್ಯಾವ್ರು ಸಿಟ್ಟಾಗಂಗಿಲ್ಲ."

ಟೂ. ತ್ರೀ. ಫೋರ್. ಎಣಿಸುತ್ತ ಎಣಿಸುತ್ತ ನನ್ನ ದನಿ ನನ್ನದಾಗಿ ಉಳಿಯಲಿಲ್ಲ, ನಮ್ಮ ಸಿಸ್ಟರ್ ಅವರದಾಯಿತು. ಅವರು ಸಾಲಿನಲ್ಲಿ ನಡೆಯುವ ನಮ್ಮ ತಲೆ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು, ಪ್ರತಿಯೊಂದು ಸಂಖ್ಯೆಯೂ ಮುಖ್ಯ ಅನ್ನುವ ಹಾಗೆ. ಧೂಳು, ಉಣ್ಣೆ, ಮರಿಗಳ ಅರಚಾಟ. ನಡುವೆ ಯಾವುದೋ ಒಂದು ಕೆಮ್ಮಿತು, ನನಗೆ ಲೆಕ್ಕ ತಪ್ಪುವುದರಲ್ಲಿತ್ತು. ಮುಗಿದ ಮೇಲೆ ಸಂಖ್ಯೆಯನ್ನು ಜೋರಾಗಿ ಹೇಳಲಿಲ್ಲ, ಆ ಹುಡುಗನ ಫೋನಿನಲ್ಲಿ ಒತ್ತಿದೆ. ಇಲ್ಲೂ ಬರೆಯುವುದಿಲ್ಲ.

ಆಮೇಲೆ ಕಾಯುವುದು. ಹುಡುಗಿ ನಮ್ಮ ಹಾಲ್‌ನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದಳು. ನಾನು ಅಡಿಗೆಮನೆಯಿಂದ ಗೇಟಿಗೆ. ಫೋನ್ ಸದ್ದಾದರೆ ಇಬ್ಬರೂ ನಿಲ್ಲುತ್ತಿದ್ದೆವು, ಗ್ಯಾಸಿನವರದೋ ಬ್ಯಾಂಕಿನವರದೋ ಮೆಸೇಜ್. ಆ ಹುಡುಗನಿಗೆ ಫೋನ್ ಮಾಡಿದರೆ, "ಪಾರ್ಟ್ನರ್ ಟ್ರಾವೆಲ್ ಮಾಡ್ತಿದಾರೆ" ಅನ್ನುವನು. ಒಂದು ದಿನ ಅವನೇ ಫೋನ್ ಮಾಡಿ, ಕೆಲಸದ ಮಾತೇನೂ ಇಲ್ಲದೆ ಮಾತಾಡಿದ. ಅವರ ಫಂಡೇ ಹೊಸದಾಗಿ ದುಡ್ಡು ಎತ್ತಬೇಕಂತೆ. ಕೊಡುವ ದೊಡ್ಡವರು ನೋಡೋಣ ನೋಡೋಣ ಅನ್ನುತ್ತಿದ್ದಾರಂತೆ. ಅಂದರೆ ನಾನು ಈ ಹುಡುಗಿಯ ಮುಖ ನೋಡುತ್ತ ಕಾಯುತ್ತಿದ್ದೆ, ಇವಳು ಅವನ ಫೋನಿಗೆ, ಅವನು ಪಾರ್ಟ್ನರಿಗೆ, ಪಾರ್ಟ್ನರು ಎಲ್ಲೋ ಸಮುದ್ರದಾಚೆಯ ಯಾರದೋ ಸಹಿಗೆ. ಆ ಸಾಲಿನ ತುದಿಯಲ್ಲಿ ಇರುವವರಾದರೂ ನಿಶ್ಚಿಂತೆಯಾಗಿ ಮಲಗುತ್ತಾರೋ ಇಲ್ಲವೋ, ನನಗೆ ತಿಳಿಯದು.

ಕೊನೆಗೆ ಟರ್ಮ್ ಶೀಟ್ ಬಂತು, ಇಷ್ಟು ದುಡ್ಡು ಹಾಕುತ್ತೇವೆ, ಇಂಥ ಷರತ್ತಿಗೆ ಅನ್ನುವ ಕಾಗದ. ಹುಡುಗಿ ಕೂಗಿದ ಕೂಗಿಗೆ ನಾದಿನಿ ಒಲೆಯ ಮೇಲಿನ ಹಾಲು ಮರೆತಳು. ನಾನು ಕನ್ನಡಕ ಹಾಕಿಕೊಂಡು ಪುಟ ಪುಟ ಓದಿದೆ. ಕೊನೆಯ ಪುಟಕ್ಕಿಂತ ಮೊದಲು ಒಂದು ಕಂಡಿಷನ್ ಇತ್ತು. ಎಲ್ಲ ಮಂದೆಗಳ ಎಲ್ಲ ಕುರಿಗಳ ಕಿವಿಗೂ ಟ್ಯಾಗ್ ಹಾಕಬೇಕು, ಎಷ್ಟು ಕುರಿ ಅನ್ನುವುದು ಆ್ಯಪ್ ತೆರೆದವರಿಗೆಲ್ಲ ಆ ಕ್ಷಣಕ್ಕೆ ಕಾಣಬೇಕು. ಟ್ರಾನ್ಸ್‌ಪರೆನ್ಸಿ. ಸೋಮವಾರದೊಳಗೆ ಉತ್ತರ.

ಹುಡುಗಿ ಅಪ್ಪನ ಹತ್ತಿರ ಹೋಗಿ ಬಂದಳು. "ಏನಂದ್ರು?" ಅಂದೆ.

"ಒಂದ್ಸಲ ಬೆನ್ನು ಮಾಡಿ ನಿಂತಿದ್ದೆ, ದಿನಾ ನಿಲ್ಲಾಕ ಆಗಂಗಿಲ್ಲ ಅಂದ್ರು. ಆಮೇಲೆ, ನಿಂದು ನೀ ನೋಡ್ಕೋ, ಬ್ಯಾಡ ಅಂತ ನಾ ಅನ್ನಂಗಿಲ್ಲ, ಅಂದ್ರು."

"ಹಾಗಾದ್ರೆ ಹೂಂ ಅನ್ನು," ಅಂದೆ ನಾನು. ಮನಸಾರೆ ಅಂದೆ. ನನಗೆ ಆ ದುಡ್ಡು ಅವಳಿಗೆ ಬರಬೇಕಿತ್ತು. ಬಸ್ಸಿನಲ್ಲಿ ಬಂದ ಸಿಸ್ಟರ್ ಬರಿಗೈಲಿ ಹೋಗಬಾರದಿತ್ತು.

ಅವಳು ನಡೆಯುವುದನ್ನು ನಿಲ್ಲಿಸಿದಳು. "ಹೂಂ ಅಂದ್ರೆ ಅಪ್ಪ ನಂಗೋಸ್ಕರ ಟ್ಯಾಗ್ ಹಾಕಿಸ್ಕೋತಾರೆ ಮಿಸ್. ಉಳಿದೋರು ಜಗಳ ಏನೂ ಮಾಡಲ್ಲ. ಸುಮ್ನೆ ಫೋನ್ ಎತ್ತಲ್ಲ. ಆಮೇಲೆ ನನ್ನ ಆ್ಯಪಿನಲ್ಲಿ ಒಂದೇ ಮಂದೆ ಇರುತ್ತೆ, ಅದರ ಲೆಕ್ಕ ಮಾತ್ರ ಎಲ್ಲರಿಗೂ ಕಾಣ್ತಿರುತ್ತೆ."

ನಾನು ಫಂಡಿನವರಿಗೆ ಉತ್ತರ ಬರೆಯಲು ಕೂತೆ. ಕುರಿಯ ಬದಲು ನೆಲದ ಲೆಕ್ಕ ಇಡುತ್ತೇವೆ, ಒಂದು ರಾತ್ರಿಗೆ ಯಾವ ಮಂದೆ ಎಷ್ಟು ನೆಲ ತುಂಬಿತು ಅಂತ ಫೋಟೋ ಸಮೇತ ತೋರಿಸುತ್ತೇವೆ ಅಂತ ಅವಳು ಹೇಳಿದ್ದನ್ನು ನಾನು ನನಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಉತ್ತರವೂ ಒಳ್ಳೆಯ ಇಂಗ್ಲಿಷಿನಲ್ಲೇ ಬಂತು. ತುಂಬ ಇಷ್ಟವಾಯಿತು, ಆದರೆ ಈ ಸಮಯದಲ್ಲಿ ಅಲ್ಲ, ಸಂಪರ್ಕದಲ್ಲಿರೋಣ. ಸಂಜೆ ಆ ಹುಡುಗ ಫೋನ್ ಮಾಡಿ ಬೇಜಾರು ಮಾಡಿಕೊಂಡ. "ಒಳ್ಳೇ ವರ್ಷದಲ್ಲಿ ಆಗಿದ್ರೆ ಇದನ್ನ ಕೇಳ್ತಾನೇ ಇರ್ಲಿಲ್ಲ ಮ್ಯಾಮ್. ಈಗ ಎಲ್ಲರಿಗೂ ಭಯ." ತಾನೂ ಬೇರೆ ಕೆಲಸ ನೋಡುತ್ತಿದ್ದೇನೆ ಅಂದ.

ಹುಡುಗಿ ಅಂಗಡಿಯ ಮುಂದೆ ಹಾಕಿದ್ದ ಕಂಪನಿಯ ಬೋರ್ಡ್ ಇಳಿಸಲು ಏಣಿ ಕೇಳಿದಳು. ನಾನು ಏಣಿ ಹಿತ್ತಲಲ್ಲಿ ಎಲ್ಲೋ ಇದೆ, ನಾಳೆ ಹುಡುಕೋಣ ಅಂದೆ. ಅದು ಬಚ್ಚಲ ಪಕ್ಕದಲ್ಲೇ ಇತ್ತು.

ಮಾರನೇ ದಿನ ಮಧ್ಯಾಹ್ನ ಅವಳಪ್ಪ ಬಂದರು. ಕಂಬಳಿಯೊಳಗಿಂದ ಒಂದು ಹೆಣ್ಣುಮರಿ ಇಳಿಸಿ ಅವಳ ಆಫೀಸಿನ ನೆಲದ ಮೇಲೆ ಬಿಟ್ಟರು. ಅದು ನಾಲ್ಕು ಕಾಲೂ ಅಗಲಿಸಿ ನಿಂತು ಟೈಲ್ಸ್ ಮೇಲೆ ಜಾರಿತು.

"ಏನಪ್ಪಾ ಇದು?"

"ಪಾಲಿಗೆ. ಅಮ್ಮಾರು ಹೇಳಿದ್ರಲ್ಲ, ಇಕ್ಕಟ್ಟೋ ಏನೋ. ಬೆಂಗಳೂರಿನವ್ರು ಹಾಕ್ಲಿಲ್ಲ ಅಂದ್ರ ನಾವು ಹಾಕ್ತೀವಿ. ಈ ಮರಿ ನಿನ್ನ ಕಂಪನೀದು. ಮಂದೆಯಾಗ ನಾ ಕಾಯ್ತೀನಿ, ಇದರ ಮರಿ ಅರ್ಧ ಕಂಪನಿಗೆ, ಅರ್ಧ ನಂಗೆ. ಉಳಿದ ಮಂದೆಯವ್ರಿಗೂ ಹೇಳೇನಿ."

ನಾದಿನಿ ಬಾಗಿಲಲ್ಲಿ ನಿಂತು, "ಆಫೀಸಿನೊಳಗೆ ಷೇರ್ ಹೋಲ್ಡರ್ ಉಚ್ಚೆ ಹೊಯ್ತು ನೋಡಿ," ಅಂದಳು. ಹುಡುಗಿ ನಗಲು ಹೋಗಿ ಅತ್ತಳು.

ಎಲ್ಲರೂ ಕೊಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಕೊಟ್ಟರು. ಒಬ್ಬರು ಕುಂಟುಮರಿ ಕೊಟ್ಟರು. ಇನ್ನೊಬ್ಬರು ಕೊಟ್ಟು, ಹೆಂಡತಿ ಬೈದಳೆಂದು ವಾಪಸು ಒಯ್ದರು. ಆದರೂ ಕೆಲವು ಮರಿ ಮಾರಿದ ದುಡ್ಡಿನಲ್ಲಿ ಆ ಸುಗ್ಗಿ ದಾಟಿತು. ಮುಂದಿನ ವರ್ಷ ಬುಕಿಂಗ್ ಎಲ್ಲ ಸೊರಬದ ಕಡೆಯಿಂದಲೇ ಜಾಸ್ತಿ ಬಂದು, ಅವಳು ಆಫೀಸನ್ನು ಅಲ್ಲಿನ ಬಸ್‌ ಸ್ಟ್ಯಾಂಡಿನ ಹತ್ತಿರಕ್ಕೆ ಒಯ್ದಳು. ನನ್ನ ತವರೂರಿಗೆ. ಹೋಗುವಾಗ ನನಗೊಂದು ಸ್ಮಾರ್ಟ್‌ಫೋನ್ ಸ್ಟ್ಯಾಂಡ್ ಕೊಟ್ಟು ಹೋದಳು, ಕ್ರಾಸ್‌ವರ್ಡ್ ಫೋನಿನಲ್ಲೇ ಮಾಡಬಹುದು ಮಿಸ್ ಅಂತ. ಮಂದೆಗಳೂ ಈಗ ಅವಳು ಹೇಳಿದ ದಾರಿಯಲ್ಲೇ ಹೋಗುತ್ತವೆ, ಹತ್ತಿರದ ದಾರಿ, ಸುತ್ತು ಬಳಸಿಲ್ಲದ ದಾರಿ. ನಮ್ಮ ಬೀದಿ ಆ ದಾರಿಯಲ್ಲಿಲ್ಲ. ಸುಗ್ಗಿಯ ಬೆಳಗುಗಳಲ್ಲಿ ನಾನು ಮೊದಲೇ ಎದ್ದು ಗೇಟಿನ ಕಡೆ ಕಿವಿ ಕೊಟ್ಟು ಮಲಗಿರುತ್ತೇನೆ. ಹಾಲಿನ ಬೈಕು ಬರುತ್ತದೆ. ಪೇಪರ್ ಬೀಳುತ್ತದೆ. ಅದರಲ್ಲಿ ಚಳಿಗಾಲ ಮುಗಿಯಿತು ಅಂತಲೋ ಮುಗಿದಿಲ್ಲ ಅಂತಲೋ ಇನ್ನೂ ಬರೆಯುತ್ತಲೇ ಇದ್ದಾರೆ. ನಾನೂ ಓದುತ್ತಲೇ ಇದ್ದೇನೆ. ಅವಳ ಕಂಪನಿ ಬೆಳೆಯುತ್ತದೋ, ಹೀಗೇ ಮರಿ ಮಾರಿ ಸರ್ವರ್‌ನ ದುಡ್ಡು ಕಟ್ಟುತ್ತ ಇರುತ್ತದೋ, ಅವಳಿಗೂ ಗೊತ್ತಿಲ್ಲ.

ಅವಳಪ್ಪನನ್ನು ಕೊನೆಯ ಸಲ ನೋಡಿದ್ದು ಜಡೆ ಅನ್ನುವ ಊರಿಗೆ ಹೋಗುವ ರಸ್ತೆಯಲ್ಲಿ. ನೆಂಟರ ಮನೆಯ ನಿಶ್ಚಿತಾರ್ಥಕ್ಕೆಂದು ಸೊರಬದಲ್ಲಿ ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಮಂದೆ ಅಡ್ಡ ಬಂದು ಬಸ್ಸು ನಿಂತಿತು. ಡ್ರೈವರ್ ಹಾರ್ನ್ ಹೊಡೆದ, ಒಂದು ಕುರಿಯೂ ತಲೆ ಎತ್ತಲಿಲ್ಲ. ಕಿಟಕಿಯಿಂದ ಕೈ ಬೀಸಿದೆ. ಅವರು ಕೋಲೂರಿಕೊಂಡು ಹತ್ತಿರ ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು.

"ಅಮ್ಮಾರೇ! ಆರಾಮೇನ್ರಿ?"

"ಆರಾಮು. ನೀವು?"

"ಆವತ್ತು ಎಣಿಸಿದ್ರಲ್ಲ, ನೆನಪೈತೇನ್ರಿ?"

"ಇಲ್ಲಪ್ಪ, ಆವತ್ತೇ ಮರೆತೆ."

ನನ್ನ ಮುಖವನ್ನೇ ನೋಡಿದರು. ನಾನು ಮರೆತಿಲ್ಲ ಅಂತ ಅವರಿಗೆ ತಿಳಿಯಿತು ಅನ್ನಿಸುತ್ತದೆ. ಕಿಟಕಿಯ ಸರಳಿನ ಹತ್ತಿರ ಬಾಯಿ ತಂದು, ಯಾರಿಗೂ ಕೇಳಬಾರದು ಅನ್ನುವ ಹಾಗೆ ಹೇಳಿದರು.

"ಅಷ್ಟಕ್ಕ ನಿಂತಿಲ್ಲ ಬಿಡ್ರಿ."

ಅಷ್ಟರಲ್ಲಿ ಅವರ ಜೇಬಿನಲ್ಲಿ ಮಗಳ ದನಿ ಮಾತಾಡಿತು. ಮುಂದಿನ ಹೊಲ ಇಂಥಲ್ಲಿ ಐತಿ, ನೀರು ಐತಿ, ನಾಯಿ ಕಟ್ಯಾರ. ಅವರು ಜೇಬಿನ ಮೇಲೆ ಕೈಯಿಟ್ಟು, ಮಗುವನ್ನು ಸುಮ್ಮನಿರಿಸುವ ಹಾಗೆ, "ಬಂದೆ, ಬಂದೆ" ಅಂದರು. ಕೋಲೆತ್ತಿ ಮಂದೆಯನ್ನು ಎಡಕ್ಕೆ ತಿರುಗಿಸಿಕೊಂಡರು. ಬಸ್ಸು ಹೊರಟಿತು. ಹಿಂದೆ ಧೂಳಿನಲ್ಲಿ ಒಂದು ಕೆಮ್ಮು ಕೇಳಿತು. ಕುರಿಯದೋ ಅವರದೋ, ತಿರುಗಿ ನೋಡುವಷ್ಟರಲ್ಲಿ ರಸ್ತೆ ಬಾಗಿತ್ತು.